ರೇಸಿನ ಎಂಜಿನ್ನು: ಅಸಲು ಮತ್ತು ಪ್ರಕ್ಷಿಪ್ತ

ಗ್ರಂಥಸಂಪಾದನೆಯ ತರಗತಿಯಲ್ಲಿ ಪ್ರಕ್ಷಿಪ್ತವೆಂಬ ಮಾತು ಬಂದೊಡನೆ ವಿದ್ಯಾರ್ಥಿಗಳ ಕಣ್ಣ ಮುಂದೆ ಓಲೆಗರಿಯ ಕಟ್ಟು ನಿಲ್ಲುತ್ತದೆ. ನಿಲಂಗಾದ ತರುಣರಿಗೆ ಅದೇ ಪ್ರಶ್ನೆ ಗ್ಯಾರೇಜಿನ ಮೂಲೆಯಲ್ಲಿ, ಎಣ್ಣೆ ಮೆತ್ತಿದ ಲೋಹದ ರೂಪದಲ್ಲಿ ಎದುರಾಗುವುದುಂಟು. ‘ರೇಸಿನಲ್ಲಿ ಓಡಿದ ಎಂಜಿನ್ನು’ ಎಂಬ ಒಂದು ಮಾತಿನಿಂದಲೇ ಹಳೆಯ ಯೆಜ್ಡಿಗೋ ಯಮಹಾ ಆರ್‌ಎಕ್ಸ್ 100ಕ್ಕೋ ಬೆಲೆ ಏರುತ್ತದೆ. ಮಾರುವವನು ಮರಾಠಿಯಲ್ಲಿ ‘ಅಸ್ಸಲ್’ ಎನ್ನುತ್ತಾನೆ. ಕನ್ನಡದ ‘ಅಸಲು’ ಅದರ ಸೋದರಪದವೇ. ಆದರೆ ನಮ್ಮಲ್ಲಿ ಅದಕ್ಕೆ ಮೂಲಧನವೆಂಬ ಅರ್ಥವೂ ಇದೆ. ಎಂಜಿನ್ನು ಅಸಲಲ್ಲವಾದರೆ ಕೊಳ್ಳುವವನು ಕಳೆದುಕೊಳ್ಳುವುದು ಈ ಎರಡನೆಯ ಅಸಲನ್ನು.

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ ಬೈಕುಗಳನ್ನು ತಯಾರಿಸಿತು. 1973ರಿಂದ ಅವು ಯೆಜ್ಡಿ ಎಂಬ ಹೆಸರು ಪಡೆದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಮದ್ರಾಸಿನ ಬಳಿಯ ಶೋಲಾವರಂನ ಹಳೆಯ ಯುದ್ಧಕಾಲದ ವಿಮಾನಪಟ್ಟಿಯಲ್ಲಿ ನಡೆಯುತ್ತಿದ್ದ ರೇಸುಗಳಲ್ಲಿ ಈ ಬೈಕುಗಳು ಓಡಿದ್ದು ನಿಜ. ಹಾಗೆಂದು ಎಲ್ಲ ಯೆಜ್ಡಿಗಳೂ ಶೋಲಾವರಂ ಕಂಡವಲ್ಲ. ಆ ಕಾಲದ ಛಾಯಾಚಿತ್ರವೋ ಫಲಿತಾಂಶದ ಹಾಳೆಯೋ ಇಲ್ಲದ ಕೀರ್ತಿಗೆ ಹಣ ಕೊಡಬೇಕಾಗಿಲ್ಲ.

ಪ್ರಕ್ಷಿಪ್ತ ಪದ್ಯವನ್ನು ಗುರುತಿಸಿದರೆ ತೆಗೆದುಹಾಕಬಹುದು. ಎಂಜಿನ್ನಿನಲ್ಲಿ ಆಗುವ ಪ್ರಕ್ಷೇಪ ಹೆಚ್ಚಾಗಿ ಕೂಡಿಸಿದ್ದಲ್ಲ, ಕಳೆದದ್ದು. ವೇಗಕ್ಕಾಗಿ ಸಿಲಿಂಡರಿನ ಎಕ್ಸಾಸ್ಟ್ ಪೋರ್ಟನ್ನು ಮೇಲಕ್ಕೂ ಅಗಲಕ್ಕೂ ಅರದಿಂದ ಉಜ್ಜುತ್ತಾರೆ. ಒತ್ತಡ ಹೆಚ್ಚಿಸಲು ಹೆಡ್ಡಿನ ಅಂಚನ್ನು ತುರಿಯುತ್ತಾರೆ. ಹೋದ ಲೋಹ ಮರಳಿ ಬಾರದು. ಆದುದರಿಂದ ಮೊದಲು ಸೈಲೆನ್ಸರ್ ಬಿಚ್ಚಿ ಪೋರ್ಟಿನೊಳಗೆ ಬೆಳಕು ಹಿಡಿದು ನೋಡಬೇಕು. ನುರಿತ ಕೈ ಮಾಡಿದ ಕೆಲಸ ನುಣುಪಾಗಿದ್ದು, ಅಂಚು ಸಮವಾಗಿರುತ್ತದೆ. ಅರದ ಗೀರುಗಳೂ ಸೊಟ್ಟ ಅಂಚೂ ಕಂಡರೆ ಅದು ಲಿಪಿಕಾರನ ದೋಷವೇ. ಪಿಸ್ಟನ್ ಉಂಗುರ ಆ ಅಂಚಿಗೆ ಸಿಕ್ಕಿ ಮುರಿಯುವ ಭಯವಿದೆ.

ಅನಂತರ ಹೆಡ್ ತೆರೆದು ಅಳತೆ ತೆಗೆಯಬೇಕು. ಜಾವಾ 250ರ ಮೂಲ ಬೋರು 65 ಮಿ.ಮೀ., ಸ್ಟ್ರೋಕು 75 ಮಿ.ಮೀ.; ಲೆಕ್ಕ ಹಾಕಿದರೆ 249 ಸಿಸಿ. ಆರ್‌ಎಕ್ಸ್ 100ರಲ್ಲಿ ಎರಡೂ 50. ಅದು 98 ಸಿಸಿ. ಸವೆದ ಸಿಲಿಂಡರನ್ನು ಸಾಮಾನ್ಯವಾಗಿ 0.25 ಮಿ.ಮೀ. ಹಂತಗಳಲ್ಲಿ ಕೊರೆದು ದೊಡ್ಡ ಪಿಸ್ಟನ್ ಕೂಡಿಸುತ್ತಾರೆ, ಆ ಹಂತದ ಅಂಕೆ ಪಿಸ್ಟನ್ನಿನ ತಲೆಯ ಮೇಲೆ ಒತ್ತಿರುವುದುಂಟು. ಬೋರು 51 ಎಂದು ಬಂದರೆ ಮುಂದೆ ಕೊರೆಯಲು ಅವಕಾಶ ಬಹುತೇಕ ಮುಗಿದಿದೆ. 58 ಬಂದರೆ ಅದು ಆರ್‌ಎಕ್ಸ್ 135ರ ಬ್ಲಾಕು. ಬೇರೊಂದು ಪ್ರತಿಯ ಪುಟವನ್ನು ಇಲ್ಲಿ ಹೊಲಿದಿದ್ದಾರೆ.

ಕನೆಕ್ಟಿಂಗ್ ರಾಡನ್ನು ಹಿಡಿದು ಮೇಲೆ ಕೆಳಗೆ ಎಳೆದಾಗ ಟಕ್ಕೆಂಬ ಸಡಿಲ ಕೈಗೆ ತಾಗಬಾರದು. ಪಕ್ಕಕ್ಕೆ ತುಸು ಆಡಿದರೆ ದೋಷವಲ್ಲ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಸೀಲು ಸವೆದರೆ ಹೆಚ್ಚುವರಿ ಗಾಳಿ ಒಳಸೇರಿ ಪಿಸ್ಟನ್ ಸುಡುತ್ತದೆ. ಹೊಳೆಯುವ ಹೊರಮೈ ಇದಾವುದನ್ನೂ ಹೇಳುವುದಿಲ್ಲ. ಹೊಸ ಬಣ್ಣವಂತೂ ಸಂಶಯಕ್ಕೇ ಯೋಗ್ಯ.

ಕೊನೆಗೆ ಸಂಖ್ಯೆ. ಗಡಿನಾಡಿನವರಿಗೆ ಇದು ಮೊದಲನೆಯದಾಗಬೇಕು. 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದ ನಿಲಂಗಾ, ಉದಗೀರಗಳು ಇಂದು ಲಾತೂರು ಜಿಲ್ಲೆಗೆ ಸೇರಿವೆ. ನಂಟು, ಸಂತೆ, ಹಳೆಯ ಬೈಕು ಇವೆಲ್ಲ ಗಡಿಯ ಎರಡೂ ಕಡೆ ಓಡಾಡುತ್ತವೆ, ಕಾಗದಪತ್ರಗಳು ಮಾತ್ರ ಅಷ್ಟು ಸುಲಭವಾಗಿ ದಾಟುವುದಿಲ್ಲ. ಕ್ರ್ಯಾಂಕ್‌ಕೇಸಿನ ಮೇಲೆ ಒತ್ತಿದ ಎಂಜಿನ್ ಸಂಖ್ಯೆ ನೋಂದಣಿ ಪತ್ರದೊಡನೆ ಅಕ್ಷರಶಃ ಹೊಂದಬೇಕು. ಅಂಕೆಗಳ ಆಳ ಏಕರೂಪವಾಗಿಲ್ಲದಿದ್ದರೆ, ಅವುಗಳ ಸುತ್ತ ಉಜ್ಜಿದ ಗುರುತಿದ್ದರೆ, ಕದ್ದ ಮಾಲಿರಬಹುದೆಂದು ತಿಳಿದು ದೂರ ಸರಿಯುವುದೇ ಲೇಸು. ಬೀದರದಲ್ಲಿ ನೋಂದಣಿಯಾದ ಬೈಕನ್ನು ನಿಲಂಗಾಕ್ಕೆ ತರುವುದಾದರೆ ಅಲ್ಲಿಯ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರವೂ ಬೇಕು.

ಬೆಲೆ ಕಟ್ಟುವಾಗ ರೇಸಿನ ಮಾತನ್ನು ಬದಿಗಿಟ್ಟು, ಅದೇ ಮಾದರಿಯ ಸಾಧಾರಣ ಎಂಜಿನ್ನಿನ ಪೇಟೆ ಬೆಲೆಯಿಂದ ಆರಂಭಿಸಿ, ಕ್ರ್ಯಾಂಕು, ಬೋರು, ಸೀಲುಗಳ ಖರ್ಚನ್ನು ಕಳೆಯಬೇಕು. ಅಗಲಿಸಿದ ಪೋರ್ಟು ಟ್ರ್ಯಾಕಿನಲ್ಲಿ ಗುಣ. ನಿತ್ಯ ಔರಾದಿಗೆ ಹೋಗಿಬರುವವನಿಗೆ ಅದು ಹೆಚ್ಚು ಪೆಟ್ರೋಲು, ನಿಧಾನದಲ್ಲಿ ಕುಗ್ಗುವ ಬಲ. ಅವನ ಲೆಕ್ಕದಲ್ಲಿ ಅದನ್ನೂ ಕಳೆಯುವ ಪಟ್ಟಿಯಲ್ಲೇ ಬರೆಯಬೇಕು.