ತಂತಿ ಸತ್ತಿದೆಯೆ?

ಎತ್ತಿನ ಗಾಣವನ್ನು ದುರಸ್ತು ಮಾಡಬೇಕಾದರೆ ಎತ್ತನ್ನು ಬಿಚ್ಚಿ ಗೂಟಕ್ಕೆ ಕಟ್ಟಿದರಾಯಿತು. ಶಕ್ತಿ ಎಲ್ಲಿದೆಯೆಂಬುದು ಕಣ್ಣಿಗೇ ಕಾಣುತ್ತದೆ. ವಿದ್ಯುಚ್ಛಕ್ತಿಯ ವಿಷಯ ಹಾಗಲ್ಲ. 1902ರಲ್ಲಿ ಶಿವನಸಮುದ್ರದ ನೀರಿನಿಂದ ಹುಟ್ಟಿದ ಶಕ್ತಿಯು ತೊಂಬತ್ತು ಮೈಲಿಗಳಾಚೆ ಕೋಲಾರದ ಚಿನ್ನದ ಗಣಿಗಳಲ್ಲಿ ದುಡಿಯತೊಡಗಿದಾಗ, ಯಂತ್ರದ ಮುಂದೆ ನಿಂತವನಿಗೆ ಅದರ ಎತ್ತು ಕಾಣದಾಯಿತು.

ಯಂತ್ರ ನಿಂತಿತೆಂದ ಮಾತ್ರಕ್ಕೆ ಅದು ನಿಶ್ಶಕ್ತವಾಯಿತೆಂದು ಭಾವಿಸಲಾಗದು. ನಿಲ್ಲಿಸುವ ಗುಂಡಿಯು ಆಜ್ಞೆ ಕೊಡುತ್ತದೆಯೇ ಹೊರತು ಮುಖ್ಯ ತಂತಿಯನ್ನು ಬೇರ್ಪಡಿಸುವುದಿಲ್ಲ. ಆದಕಾರಣ ಮುಖ್ಯ ಸ್ವಿಚ್ಚನ್ನೇ ತೆಗೆದು ಬೀಗ ಹಾಕಬೇಕು. ಬೀಗದ ಕೈ ಯಂತ್ರದೊಳಗೆ ಕೈಯಿಡುವವನ ಜೇಬಿನಲ್ಲಿಯೇ ಇರಬೇಕು. ಐವರು ಕೆಲಸಕ್ಕಿಳಿದರೆ ಐದು ಬೀಗ. ಅಮೆರಿಕದ ಸಂಯುಕ್ತ ಸಂಸ್ಥಾನಗಳು 1989ರಲ್ಲಿ ಈ ಬಗೆಯ ಕ್ರಮಕ್ಕೆ ವಿವರವಾದ ನಿಯಮವನ್ನೇ ರಚಿಸಿದುವು.

ಇಷ್ಟೂ ಸಾಲದು. ಹಿಡಿ ಕೆಳಗಿಳಿದಿದ್ದರೂ ಒಳಗಿನ ಮೂರು ಅಲಗುಗಳಲ್ಲೊಂದು ಕಾವಿಗೆ ಕರಗಿ ಅಂಟಿಕೊಂಡಿರಬಹುದು. ಚೀಟಿಯ ಮೇಲಿನ ಹೆಸರು ಒಂದು, ತಂತಿ ಹೋಗಿರುವ ಯಂತ್ರ ಮತ್ತೊಂದು ಆಗಿರಬಹುದು. ಅಳೆದೇ ನೋಡಬೇಕು. ಇಲ್ಲಿ ತರ್ಕದ ತರಗತಿಗೆ ಒಪ್ಪುವ ತೊಡಕೊಂದುಂಟು. ಪರೀಕ್ಷೆಯ ದೀಪವನ್ನು ತಂತಿಗೆ ಮುಟ್ಟಿಸಿದೆವು, ಉರಿಯಲಿಲ್ಲ. ಸತ್ತದ್ದು ತಂತಿಯೊ, ದೀಪವೊ? ಉರಿದ ದೀಪವು ಸಾಕ್ಷಿ ನುಡಿಯುತ್ತದೆ. ಉರಿಯದ ದೀಪದ್ದು ಬರಿಯ ಮೌನ. ಸಾಕ್ಷಿಯು ಮೂಗನಲ್ಲವೆಂದು ಗೊತ್ತಾದ ಹೊರತು ಮೌನಕ್ಕೆ ಅರ್ಥವಿಲ್ಲ. ಆದ್ದರಿಂದ ಮಾಪಕವನ್ನು ಮೊದಲು ಶಕ್ತಿಯಿದೆಯೆಂದು ಬಲ್ಲ ತಂತಿಯಲ್ಲಿ ಪರೀಕ್ಷಿಸಿ, ಬಳಿಕ ಕೆಲಸದ ತಂತಿಗೆ ಹಿಡಿದು, ಪುನಃ ಮೊದಲಿನ ತಂತಿಗೇ ಬರಬೇಕು. ಮೂರನೆಯದು ಅತಿಶಂಕೆಯೆಂದು ತೋರೀತು. ಆದರೆ ಮಾಪಕವು ನಡುವೆಯೇ ಕೆಟ್ಟಿರಬಹುದಷ್ಟೆ?

ಕಾರ್ಖಾನೆಯ ಮೋಟಾರಿಗೆ ಬರುವ ಮೂರು ತಂತಿಗಳಲ್ಲಿ ಯಾವ ಎರಡರ ನಡುವೆಯೂ ನಮ್ಮಲ್ಲಿ ಸುಮಾರು 415 ವೋಲ್ಟ್ ಇರುತ್ತದೆ. ಜೋಡಿಗಳ ನಡುವೆ ಮೂರು, ಭೂಮಿಗೆ ಮೂರು, ಒಟ್ಟು ಆರು ಅಳತೆ ಬೇಕು. ಒಂದು ಅಲಗು ಮಾತ್ರ ಅಂಟಿದ್ದರೆ ಅದರ ಶಕ್ತಿಯು ಮೋಟಾರಿನ ಸುರುಳಿಗಳ ಮೂಲಕ ಉಳಿದೆರಡು ತಂತಿಗಳಿಗೂ ಹರಡುತ್ತದೆ. ಆಗ ತಂತಿಗಳ ನಡುವೆ ಅಳೆದರೆ ಸೊನ್ನೆ, ಭೂಮಿಗೆ ಅಳೆದರೆ ಮೂರೂ ಜೀವಂತ! ಭೂಸಂಪರ್ಕವೇ ಕಡಿದಿದ್ದರೆ ಮೋಸವು ತಿರುಗುಮುರುಗಾದೀತು.

ಎತ್ತಿ ನಿಲ್ಲಿಸಿದ ಭಾರ, ಬಿಗಿದ ಸ್ಪ್ರಿಂಗು, ಕೊಳವೆಯೊಳಗಿನ ಒತ್ತಡ ಇವನ್ನೂ ಇಳಿಸಿಕೊಳ್ಳಬೇಕೆಂಬುದು ಸ್ಪಷ್ಟ. ಮೋಟಾರಿನ ವೇಗವನ್ನು ಹೊಂದಿಸುವ ಇಂದಿನ ಪೆಟ್ಟಿಗೆಗಳಲ್ಲಿರುವ ಕೆಪಾಸಿಟರುಗಳಾದರೊ ಸ್ವಿಚ್ಚು ತೆಗೆದ ಮೇಲೂ ಕೆಲವು ನಿಮಿಷ ವಿದ್ಯುತ್ತನ್ನು ಹಿಡಿದಿರುತ್ತವೆ. ಎಷ್ಟು ಹೊತ್ತು ಕಾಯಬೇಕೆಂಬುದು ಪೆಟ್ಟಿಗೆಯ ಮೇಲೆಯೇ ಬರೆದಿರುತ್ತದೆ. ಅಷ್ಟು ಹೊತ್ತು ಕಾದ ಮೇಲೆಯೇ ಮುಚ್ಚಳ ತೆರೆದು, ಅಲ್ಲಿಯೂ ಅಳೆದ ಮೇಲೆಯೇ ಒಳಗೆ ಕೈಹಾಕುವುದು.