ಹೊಸ ಲಿಗಮೆಂಟು, ಹಳೇ ಎಕ್ಸ್‌ರೇ

2022ರ ಡಿಸೆಂಬರ್ 30ರ ನಸುಕಿನಲ್ಲಿ ಕಾರು ಅಪಘಾತಕ್ಕೆ ಸಿಕ್ಕಿದ ರಿಷಭ್ ಪಂತ್ ಮುಂಬೈಯಲ್ಲಿ ಬಲಮಂಡಿಯ ಲಿಗಮೆಂಟ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಬೆವರು ಹರಿಸಿ, ಮತ್ತೆ ಪಂದ್ಯಕ್ಕಿಳಿದದ್ದು 2024ರ ಮಾರ್ಚ್‌ನಲ್ಲಿ. ಅವರದು ದೊಡ್ಡ ಪೆಟ್ಟು. ಆದರೆ ಕಬಡ್ಡಿ ಅಂಕಣದಲ್ಲಿ ಕಾಲು ತಿರುಚಿ ಮಂಡಿಯೊಳಗಿನ ಎಸಿಎಲ್ ಎಂಬ ಲಿಗಮೆಂಟ್ ಒಂದನ್ನೇ ಹರಿದುಕೊಂಡ ಹುಡುಗನಿಗೂ ಡಾಕ್ಟರು ಹೇಳುವುದು ಕಡಿಮೆಯೆಂದರೆ ಒಂಬತ್ತು ತಿಂಗಳು. ನೋವು ಹೋಗಿದೆ, ನಡೆಯಲು ಬರುತ್ತಿದೆ, ಆದರೂ ಆಡುವಂತಿಲ್ಲ. ಆರನೇ ತಿಂಗಳಿಗೆ ತಾಳ್ಮೆ ತಪ್ಪುತ್ತದೆ. ‘ಒಂದ್ಸಲ ಎಂಆರ್‌ಐ ಮಾಡ್ಸಿ ನೋಡ್ಬಿಡೋಣ್ವಾ ಡಾಕ್ಟ್ರೇ?’

ನೋಡಬಹುದು. ನೋಡಿದ್ದು ಏನು ಹೇಳುತ್ತದೆ ಎಂಬುದೇ ತಕರಾರು.

ಹರಿದ ಎಸಿಎಲ್ ಜಾಗಕ್ಕೆ ಕೂರಿಸುವುದು ಸಾಮಾನ್ಯವಾಗಿ ರೋಗಿಯದೇ ಸ್ನಾಯುರಜ್ಜು. ತೊಡೆಯ ಹಿಂಭಾಗದ್ದೋ, ಮಂಡಿಚಿಪ್ಪಿನ ಕೆಳಗಿನದೋ. ಮೇಲಿನ ಮೂಳೆಯಲ್ಲೊಂದು, ಕೆಳಗಿನದರಲ್ಲೊಂದು ಸುರಂಗ ಕೊರೆದು ಅದನ್ನು ತೂರಿಸಿ, ಬಟನ್ನು, ಸ್ಕ್ರೂ ಹಾಕಿ ಬಿಗಿಯುತ್ತಾರೆ. ಹೊಸ ಜಾಗದಲ್ಲಿ ಅದಕ್ಕೆ ಮೊದಲಿಗೆ ರಕ್ತಸಂಚಾರವೇ ಇರುವುದಿಲ್ಲ. ಜೀವಕೋಶಗಳು ಸಾಯುತ್ತವೆ, ಹೊಸ ರಕ್ತನಾಳಗಳು ನುಗ್ಗುತ್ತವೆ, ನಾರುಗಳು ಮತ್ತೆ ಹೆಣೆದುಕೊಳ್ಳುತ್ತವೆ. ಒಟ್ಟಲು ಪಾತಿಯಿಂದ ಕಿತ್ತು ನಾಟಿ ಮಾಡಿದ ಪೈರು ಬೇರು ಬಿಡುವ ತನಕ ಹಳದಿಗಟ್ಟಿ ಸೊರಗುವುದಿಲ್ಲವೇ, ಹಾಗೆ. ರಜ್ಜು ಲಿಗಮೆಂಟಾಗಿ ಮಾರ್ಪಡುವ ಈ ಬಗೆಯನ್ನು ಡೇವಿಡ್ ಅಮಿಯೆಲ್ ಮತ್ತು ಸಂಗಡಿಗರು 1986ರಲ್ಲಿ ಮೊಲಗಳ ಮೇಲಿನ ಪ್ರಯೋಗದಲ್ಲಿ ವಿವರಿಸಿದರು. ಮನುಷ್ಯರಲ್ಲಿ ಅದು ಮುಗಿಯಲು ವರ್ಷವೋ ಅದಕ್ಕೂ ಹೆಚ್ಚೋ ಬೇಕು.

ಎಂಆರ್‌ಐಯಲ್ಲಿ ಇದೆಲ್ಲ ಬಣ್ಣವಾಗಿ ಕಾಣುತ್ತದೆ. ಆಪರೇಷನ್ ಆದ ಹೊಸತರಲ್ಲಿ ಹೊಸ ಲಿಗಮೆಂಟು ಕಪ್ಪು ಪಟ್ಟಿ. ತಿಂಗಳುಗಳು ಕಳೆದಂತೆ ಬೂದಿಗೆ ತಿರುಗಿ ಅಲ್ಲಲ್ಲಿ ಬೆಳ್ಳಗಾಗುತ್ತದೆ. ಒಂದೆರಡು ವರ್ಷದಲ್ಲಿ ಮತ್ತೆ ಕಪ್ಪಾಗುತ್ತ ಹೋಗುತ್ತದೆ. ಆರನೇ ತಿಂಗಳಲ್ಲಿ ಕಾಣುವ ಬಿಳುಪು ಬಹುಪಾಲು ವಾಸಿಯಾಗುತ್ತಿರುವುದರ ಗುರುತು. ರಿಪೋರ್ಟಿನಲ್ಲಿ ‘ಸಿಗ್ನಲ್ ಹೆಚ್ಚಾಗಿದೆ’ ಎಂಬ ಸಾಲು ಓದಿದ ರೋಗಿ ಮಾತ್ರ ಲಿಗಮೆಂಟು ಮತ್ತೆ ಹರಿಯಿತೆಂದೇ ತಿಳಿದು ನಿದ್ದೆ ಕೆಡಿಸಿಕೊಳ್ಳುತ್ತಾನೆ. ನಿಜಕ್ಕೂ ಹರಿದಿದ್ದರೆ ನಾರುಗಳು ನಡುವೆ ತುಂಡಾಗಿರುತ್ತವೆ, ಆ ಸಂದಿನಲ್ಲಿ ನೀರು ತುಂಬಿರುತ್ತದೆ. ಆಪರೇಷನ್ ಆದ ತಾರೀಕು ಗೊತ್ತಿಲ್ಲದೆ ರೇಡಿಯಾಲಜಿಸ್ಟ್ ಈ ಬಣ್ಣಕ್ಕೆ ಅರ್ಥ ಹೇಳಲಾರರು. ಸ್ಕ್ಯಾನಿಂಗಿಗೆ ಹೋಗುವಾಗ ಡಿಸ್ಚಾರ್ಜ್ ಸಮ್ಮರಿ ಜೊತೆಗಿರಲಿ.

ಎಂಆರ್‌ಐಗೆ ಸಾಟಿಯಿಲ್ಲದ ಸಂದರ್ಭಗಳೂ ಇವೆ. ಮಂಡಿ ಪೂರ್ತಿ ನೆಟ್ಟಗಾಗದೆ ಕೊನೆಯ ಕೆಲವು ಡಿಗ್ರಿಯಲ್ಲಿ ತಡೆದು ನಿಂತರೆ ‘ಸೈಕ್ಲಾಪ್ಸ್’ ಗಂಟಿನ ಸಂಶಯ ಬರಬೇಕು. ಲಿಗಮೆಂಟಿನ ಮುಂದೆ ಬೆಳೆಯುವ ಗಾಯದ ಉಂಡೆಯಿದು. ಮಂಡಿಯೊಳಗೆ ತೂರಿಸಿ ನೋಡುವ ದುರ್ಬೀನಿನಲ್ಲಿ ಒಕ್ಕಣ್ಣಿನಂತೆ ಕಂಡದ್ದರಿಂದ 1990ರಲ್ಲಿ ಈ ಹೆಸರು ಬಿತ್ತು. ಅದನ್ನೂ ಹೊಸದಾಗಿ ಹರಿದ ಮೆನಿಸ್ಕಸ್ ಎಂಬ ಮಂಡಿಯ ಮೆತ್ತೆಯನ್ನೂ ಎಂಆರ್‌ಐ ಚೆನ್ನಾಗಿ ತೋರಿಸುತ್ತದೆ. ಲೋಹದ ಸ್ಕ್ರೂ ಇದ್ದರೆ ಅದರ ಸುತ್ತ ಚಿತ್ರ ಕದಡುತ್ತದೆ, ಅಷ್ಟೆ.

ಇನ್ನು ಬಡಪಾಯಿ ಎಕ್ಸ್‌ರೇ. ಲಿಗಮೆಂಟೇ ಕಾಣದ ಚಿತ್ರ ಯಾಕೆ ಎಂದು ಮೂಗು ಮುರಿಯುವವರಿದ್ದಾರೆ. ನನ್ನ ಮಟ್ಟಿಗೆ ಮೊದಲ ಮುಖ್ಯ ಪ್ರಶ್ನೆಗೆ ಉತ್ತರ ಇರುವುದು ಇದರಲ್ಲೇ: ಸುರಂಗ ಸರಿಯಾದ ಜಾಗದಲ್ಲಿದೆಯೇ? ಪಕ್ಕದಿಂದ ತೆಗೆದ ಫಿಲಂ ಬೆಳಕಿಗೆ ಹಿಡಿದರೆ ತೊಡೆಮೂಳೆಯ ಕೆಳತುದಿಯಲ್ಲಿ ಓರೆಯಾದ ಬಿಳಿ ಗೆರೆಯೊಂದು ಕಾಣುತ್ತದೆ. ಜರ್ಮನಿಯ ವೈದ್ಯ ಬ್ಲೂಮೆನ್‌ಸಾಟ್ 1938ರಲ್ಲಿ ಗುರುತಿಸಿದ ಗೆರೆ ಅದು, ಎಸಿಎಲ್ ಇರುವ ಗೂಡಿನ ಸೂರು. ಕಾಲು ಪೂರ್ತಿ ಚಾಚಿದಾಗ ಕೆಳಗಿನ ಸುರಂಗ ಈ ಗೆರೆಯ ನೇರಕ್ಕಿಂತ ಹಿಂದಿರಬೇಕು. ಮುಂದಿದ್ದರೆ ಕಾಲು ಚಾಚಿದಾಗಲೆಲ್ಲ ಲಿಗಮೆಂಟು ಸೂರಿಗೆ ತಿಕ್ಕುತ್ತದೆ. ಮೇಲಿನ ಸುರಂಗ ಮುಂದಾದರೆ ಮಂಡಿ ಮಡಚಿದಾಗ ಲಿಗಮೆಂಟು ಅತಿಯಾಗಿ ಬಿಗಿದು ಕ್ರಮೇಣ ಸಡಿಲಾಗುತ್ತದೆ. ಎಷ್ಟು ಫಿಸಿಯೋಥೆರಪಿ ಮಾಡಿದರೂ ಸುರಂಗ ಜರುಗದು.

ಸಿ.ಟಿ. ಬೇಕಾಗುವುದು ಮುಖ್ಯವಾಗಿ ಎರಡನೇ ಆಪರೇಷನ್ ಎದುರಾದಾಗ. ಹಳೇ ಸುರಂಗ ಎಷ್ಟು ಅಗಲವಾಗಿದೆ ಎಂಬುದನ್ನು ಅದರಷ್ಟು ಕರಾರುವಾಕ್ಕಾಗಿ ಎಕ್ಸ್‌ರೇ ಹೇಳಲಾರದು. ತೀರಾ ಅಗಲವಾಗಿದ್ದರೆ ಮೊದಲು ಮೂಳೆಪುಡಿ ತುಂಬಿ, ಅದು ಕೂಡಿಕೊಂಡ ಮೇಲೆ ಹೊಸ ಲಿಗಮೆಂಟು. ಅಲ್ಟ್ರಾಸೌಂಡಿಗೆ ಮೂಳೆಗಳ ಮರೆಯಲ್ಲಿ ಆಳದಲ್ಲಿರುವ ಎಸಿಎಲ್ ಸರಿಯಾಗಿ ನಿಲುಕುವುದಿಲ್ಲ. ಆದರೆ ಆಪರೇಷನ್ ಆದ ಮೊದಲ ವಾರಗಳಲ್ಲಿ ಮೀನಖಂಡ ಊದಿ ನೋಯುತ್ತಿದ್ದರೆ ಅಂದೇ ಆಗಬೇಕಾದ ಪರೀಕ್ಷೆ ಅದು. ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ ಅಲ್ಲಿ ಕಾಣುತ್ತದೆ.

ಆಟಕ್ಕೆ ಮರಳಬಹುದೇ ಎಂಬ ಪ್ರಶ್ನೆಗೆ ಇವ್ಯಾವೂ ನೇರ ಉತ್ತರ ಕೊಡುವುದಿಲ್ಲ. ಅಮೆರಿಕದ ಡೆಲಾವೇರ್ ಮತ್ತು ನಾರ್ವೆಯ ಓಸ್ಲೊದ ತಂಡ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂಬತ್ತನೇ ತಿಂಗಳವರೆಗೆ ಆಟ ಮುಂದೂಡಿದ ಪ್ರತಿ ತಿಂಗಳಿಗೂ ಮಂಡಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಶೇಕಡಾ 51ರಷ್ಟು ಇಳಿದಿತ್ತು. ಎರಡೂ ತೊಡೆಗಳ ಮುಂಭಾಗದ ಸ್ನಾಯುಬಲ ಸಮವಾದಷ್ಟೂ ಅಪಾಯ ಕಡಿಮೆ. ಅಳೆದದ್ದು ಕಾಲಿನ ಬಲ, ಒಂಟಿಗಾಲಲ್ಲಿ ಜಿಗಿದ ದೂರ. ಹಾಗಾಗಿ ಊತವಿಲ್ಲದ, ಜಾರದ, ಲಾಕ್ ಆಗದ ಮಂಡಿಗೆ ಸಮಾಧಾನಕ್ಕೆಂದು ಮಾಡಿಸುವ ಎಂಆರ್‌ಐ ದುಡ್ಡನ್ನು ಫಿಸಿಯೋಥೆರಪಿಗೆ ಹಾಕುವುದೇ ವಾಸಿ.

ಎಕ್ಸ್‌ರೇ ಕೆಲಸ ಅಲ್ಲಿಗೂ ಮುಗಿಯುವುದಿಲ್ಲ. ಎಸಿಎಲ್ ಹರಿದ ಮಂಡಿಗೆ, ಆಪರೇಷನ್ ಆಗಿದ್ದರೂ, ವರ್ಷಗಳ ಮೇಲೆ ಸವೆತ ಬರುವ ಸಾಧ್ಯತೆ ಹೆಚ್ಚು. ಆಗ ನಿಂತುಕೊಂಡೇ ಎಕ್ಸ್‌ರೇ ತೆಗೆಸಬೇಕು. ಮಲಗಿಸಿ ತೆಗೆದರೆ ಮೈಭಾರ ಮಂಡಿಯ ಮೇಲೆ ಬೀಳದೆ, ಸವೆದ ಸಂದೂ ಅಗಲವಾಗಿರುವಂತೆ ಕಾಣಬಹುದು. ಟೆಕ್ನಿಷಿಯನ್ ಅವಸರದಲ್ಲಿ ‘ಮಲಕ್ಕೊಳ್ಳಿ’ ಅಂದರೆ, ಚೀಟಿಯಲ್ಲಿ ಡಾಕ್ಟರು ‘ನಿಂತು’ ಎಂದು ಬರೆದಿದ್ದಾರೆಯೇ ಎಂದು ಒಮ್ಮೆ ತೋರಿಸಿ ಕೇಳಿ.