ವದಂತಿಯಿಂದಲೇ ಬ್ಯಾಂಕ್ ಕುಸಿಯುವುದು ಹೇಗೆ?

ಸದೃಢ ಬ್ಯಾಂಕೊಂದು ಕೇವಲ ವದಂತಿಯಿಂದ ಕುಸಿಯಬಲ್ಲದೇ? ಹೌದು ಎನ್ನುತ್ತದೆ ಅಮೆರಿಕದ ಅರ್ಥಶಾಸ್ತ್ರಜ್ಞರಾದ ಡಗ್ಲಾಸ್ ಡೈಮಂಡ್ ಮತ್ತು ಫಿಲಿಪ್ ಡಿಬ್‌ವಿಗ್ 1983ರಲ್ಲಿ ಪ್ರಕಟಿಸಿದ ಅಧ್ಯಯನ. 2022ರಲ್ಲಿ ಬೆನ್ ಬರ್ನಾಂಕೆ ಅವರೊಂದಿಗೆ ಇವರಿಬ್ಬರೂ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಹಂಚಿಕೊಂಡರು.

ಠೇವಣಿದಾರರು ಕೇಳಿದಾಗ ಬ್ಯಾಂಕು ಹಣ ನೀಡಬೇಕು. ಆದರೆ ಅದೇ ಹಣ ದೀರ್ಘಾವಧಿ ಸಾಲವಾಗಿ ಹೊರಹೋಗಿರುತ್ತದೆ. ಎಲ್ಲರೂ ಒಮ್ಮೆಲೇ ಮುಗಿಬಿದ್ದರೆ ಆಸ್ತಿಯನ್ನು ಸಿಕ್ಕಿದ ಬೆಲೆಗೆ ಮಾರಬೇಕಾಗುತ್ತದೆ; ತಡವಾಗಿ ಬಂದವರಿಗೆ ಏನೂ ಉಳಿಯದು. ಆದ್ದರಿಂದ ಬ್ಯಾಂಕನ್ನು ನಂಬಿದವರೂ ಸರತಿಯಲ್ಲಿ ನಿಲ್ಲುತ್ತಾರೆ. ಭೀತಿಯೇ ತನ್ನನ್ನು ನಿಜವಾಗಿಸಿಕೊಳ್ಳುತ್ತದೆ.

ಇದಕ್ಕೆ ಅವರು ಸೂಚಿಸಿದ ಮದ್ದು ಠೇವಣಿ ವಿಮೆ. ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ 1960ರಲ್ಲಿ ಮುಚ್ಚಿದ ಬಳಿಕ, 1962ರಲ್ಲಿ ಭಾರತದಲ್ಲಿ ಇದು ಜಾರಿಗೆ ಬಂದಿತು. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಗ್ರಾಹಕರು 35 ಸಾವಿರ ರೂಪಾಯಿಗಿಂತ ಹೆಚ್ಚು ಹಣ ಪಡೆಯದಂತೆ ರಿಸರ್ವ್ ಬ್ಯಾಂಕ್ ನಿರ್ಬಂಧ ವಿಧಿಸಿತ್ತು. ಮರುತಿಂಗಳೇ ವಿಮೆಯ ಮಿತಿ 1 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿತು. ಅಸಲು, ಬಡ್ಡಿ ಎರಡೂ ಈ ಮಿತಿಯೊಳಗೇ ಸೇರುತ್ತವೆ. ನಿರ್ಬಂಧಕ್ಕೊಳಗಾದ ಬ್ಯಾಂಕಿನ ಠೇವಣಿದಾರರಿಗೆ 90 ದಿನಗಳಲ್ಲಿ ವಿಮಾ ಹಣ ದೊರಕಿಸುವ ತಿದ್ದುಪಡಿ 2021ರಲ್ಲಿ ಬಂದಿತು.

ಆದರೆ ವಿಮೆಯಿದೆ ಎಂಬ ಧೈರ್ಯವೇ ಬ್ಯಾಂಕುಗಳನ್ನು ದುಡುಕಿನ ಸಾಲಕ್ಕೆ ಪ್ರೇರೇಪಿಸಬಹುದು. ಅರ್ಥಶಾಸ್ತ್ರದಲ್ಲಿ ಇದಕ್ಕೆ ‘ನೈತಿಕ ಅಪಾಯ’ ಎಂದು ಹೆಸರು. ವಿಮೆ ಭೀತಿಯನ್ನು ತಡೆಯುತ್ತದೆ; ವಂಚನೆಯನ್ನು ತಡೆಯಲು ಕಟ್ಟುನಿಟ್ಟಿನ ಮೇಲ್ವಿಚಾರಣೆಯೇ ಬೇಕು.